ರೊಟ್ಟಿ ಬಿಡಬೇಡಿ, ಎಣ್ಣೆ ಡಬ್ಬಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಹೋದ ವಾರ ನಮ್ಮ ಓಣಿಯ ವೈನಿಯೊಬ್ಬರು ಮನೆಗೆ ಬಂದಿದ್ದರು. "ಅಕ್ಕಾರ, ರೊಟ್ಟಿ ಬಿಟ್ಟು ಹದಿನೈದು ದಿನ ಆತ್ರೀ. ಮೊದ್ಲು ಇಳೀತು, ಈಗ ತೂಕ ನಿಂತಬಿಟ್ಟೈತಿ. ಇನ್ನೇನ್ ಬಿಡ್ಲಿ?" ಅಂದರು. ಮುಖ ಬಾಡಿತ್ತು. ಹಸಿದಿದ್ದರು. ಇಂಥ ಮಾತು ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಕೇಳುತ್ತೇನೆ. ಅದಕ್ಕೇ ಇವತ್ತು ಬೊಜ್ಜಿನ ವಿಷಯ ತೆಗೆದುಕೊಂಡಿದ್ದೇನೆ.

ಅವರಿಗೆ ನಾನು ಹೇಳಿದ್ದು ಇಷ್ಟೇ: ಇನ್ನೇನೂ ಬಿಡಬೇಡಿ. ನಾಳೆಯಿಂದ ರೊಟ್ಟಿ ಬಡಿಯಿರಿ.

ಮಗಳ ಮದುವೆ ಗೊತ್ತಾದಾಗ ನಾನೂ ಹೀಗೇ ಮಾಡಿದ್ದೆ. ಬೆಳಿಗ್ಗೆ ಯಾವುದೋ ಪುಡಿ ಕಲಸಿದ ಹಾಲು, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಮತ್ತೆ ಅದೇ ಪುಡಿ. ಒಂದೇ ವಾರಕ್ಕೆ ಮೂರು ಕಿಲೊ ಇಳಿಯಿತು. ಎಷ್ಟು ಸಂತೋಷಪಟ್ಟಿದ್ದೆ! ಮದುವೆ ಮುಗಿದು ನಾಲ್ಕು ತಿಂಗಳಲ್ಲಿ ಇಳಿದದ್ದೆಲ್ಲ ವಾಪಸ್ ಬಂತು, ಮೇಲೆ ಇನ್ನೆರಡು ಕಿಲೊ.

ಆ ಮೊದಲ ವಾರ ಹೋದದ್ದು ಬಹುಪಾಲು ನೀರು. ನಮ್ಮ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಒಂದು ಸಂಗ್ರಹ ಇರುತ್ತದೆ. ಅದರ ಒಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಊಟ ಬಿಟ್ಟರೆ ಅದು ಖರ್ಚಾಗುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಹಾಗೇ ಉಪವಾಸ ಮುಂದುವರಿಸಿದರೆ ಬೊಜ್ಜಿನ ಜೊತೆ ಸ್ನಾಯುವೂ ಕರಗುತ್ತದೆ. ಆಮೇಲೆ ಮೊದಲಿನಷ್ಟೇ ಉಂಡರೂ ಮೈ ಬರುತ್ತದೆ.

ಒಂದು ಕಿಲೊ ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ದಿನಕ್ಕೆ 500 ಕ್ಯಾಲರಿ ಕಡಿಮೆ ಮಾಡಿದರೂ ಒಂದು ಕಿಲೊ ಕರಗಲು ಎರಡು ವಾರ ಬೇಕು. ವಾರಕ್ಕೆ ಅರ್ಧ ಕಿಲೊ ಇಳಿದರೆ ಅದು ಚಲೋ ವೇಗ. ಕಾಲು ಕಿಲೊ ಇಳಿದರೂ ಚಲೋನೇ.

ಎಲ್ಲಿ ಕಡಿಮೆ ಮಾಡಬೇಕು? ಇಲ್ಲಿ ನಮ್ಮ ಅಡುಗೆಮನೆಗೇ ಬರಬೇಕು. ಒಂದು ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿಯಿರಿ, ಸುಮಾರು 170 ಕ್ಯಾಲರಿ. ಬಡಿಯುವಾಗ ಎಣ್ಣೆ ಹಾಕುವುದಿಲ್ಲ, ನೀರು ಸವರಿ ಬೇಯಿಸುತ್ತೇವೆ. ಈಗ ಟಿವಿ ಮುಂದೆ ಕೂತು ತಿನ್ನುವ ಒಂದು ಹಿಡಿ ಹುರಿದ ಶೇಂಗಾ ನೋಡಿ. 30 ಗ್ರಾಂ ಇದ್ದರೆ ಅದೂ 170 ಕ್ಯಾಲರಿಯೇ. ಶೇಂಗಾ ಕೆಟ್ಟದ್ದಲ್ಲ. ಆದರೆ ರೊಟ್ಟಿ ಬಿಟ್ಟೆವು ಅಂತ ಎರಡು ಹಿಡಿ ಶೇಂಗಾ ತಿಂದರೆ ಏನು ಇಳಿದೀತು?

ಎಣ್ಣೆಯ ಲೆಕ್ಕ ಇನ್ನೂ ದೊಡ್ಡದು. ನಮ್ಮದು ನಾಲ್ಕು ಮಂದಿಯ ಮನೆ, ತಿಂಗಳಿಗೆ 5 ಲೀಟರಿನ ಡಬ್ಬಿ ಖಾಲಿಯಾಗುತ್ತಿತ್ತು. ಒಂದು ದಿನ ಕೂತು ಭಾಗಿಸಿದೆ. ಒಬ್ಬೊಬ್ಬರಿಗೆ ದಿನಕ್ಕೆ 40 ಮಿಲಿಲೀಟರ್ ದಾಟಿತು. ಅಂದರೆ ಎಂಟು ಚಹಾ ಚಮಚ, ಸುಮಾರು 340 ಕ್ಯಾಲರಿ. ಎರಡು ರೊಟ್ಟಿ! ಅದು ತಾಟಿನಲ್ಲಿ ಕಾಣುವುದೂ ಇಲ್ಲ, ಹೊಟ್ಟೆ ತುಂಬಿಸುವುದೂ ಇಲ್ಲ. ಒಗ್ಗರಣೆಗೆ ಡಬ್ಬಿಯಿಂದ ಸುರಿಯುವುದನ್ನು ಬಿಟ್ಟು ಚಮಚ ಇಟ್ಟೆ. ಎಣ್ಣೆಗಾಯಿಯ ಮೇಲೆ ಎಣ್ಣೆ ತೇಲಬೇಕು ಅಂತ ಮನೆಯಲ್ಲಿ ಗೊಣಗಿದರು, ಎರಡು ವಾರಕ್ಕೆ ರೂಢಿಯಾಯಿತು. ಈಗ ತಿಂಗಳಿಗೆ 3 ಲೀಟರ್. ಪ್ರತಿಯೊಬ್ಬರಿಗೆ ತಿಂಗಳಿಗೆ ಸುಮಾರು 4,000 ಕ್ಯಾಲರಿ ಉಳಿಯಿತು. ಲೆಕ್ಕದ ಪ್ರಕಾರ ಅರ್ಧ ಕಿಲೊ ಬೊಜ್ಜು, ಯಾರೂ ಹಸಿದಿರಲಿಲ್ಲ.

ಚಹಾದ ಸಕ್ಕರೆ ನೀವೇ ಎಣಿಸಿಕೊಳ್ಳಿ, ಒಂದು ಚಮಚಕ್ಕೆ 20 ಕ್ಯಾಲರಿ.

ನಮ್ಮ ಅವ್ವ ಗದಗದ ಕಡೆಯವಳು. ಹೊತ್ತಿಗೆ ನಾಲ್ಕು ರೊಟ್ಟಿ ಉಣ್ಣುತ್ತಿದ್ದಳು, ಕೊನೆಯ ತನಕ ತೆಳ್ಳಗೇ ಇದ್ದಳು. ಎರಿ ಹೊಲದಲ್ಲಿ ದಿನವಿಡೀ ಕಳೆ ತೆಗೆದು, ಸಂಜೆ ಕೊಡ ಹೊತ್ತು ನೀರು ತರುತ್ತಿದ್ದಳು. ಆ ಕೆಲಸ ನಮಗಿಲ್ಲ. ಹಾಗಾಗಿ ನಮಗೆ ಎರಡು ರೊಟ್ಟಿ ಸಾಕು. ಉಳಿದ ಜಾಗ ತುಂಬಲು ಮಡಕಿ ಕಾಳಿನ ಪಲ್ಯ, ಹೆಸರು ಕಾಳು, ಮೊಸರು, ತಿನ್ನುವವರಿಗೆ ತತ್ತಿ. ಇವುಗಳಲ್ಲಿ ಪ್ರೋಟೀನ್ ಇದೆ, ಬೇಗ ಹಸಿವಾಗುವುದಿಲ್ಲ, ಸ್ನಾಯುವೂ ಉಳಿಯುತ್ತದೆ. ಪಕ್ಕಕ್ಕೆ ಹಕ್ಕರಕಿ, ಮೆಂತ್ಯ, ಮೂಲಂಗಿ, ಹಸಿ ಉಳ್ಳಾಗಡ್ಡಿ. ಇಷ್ಟು ಚಲೋ ತಾಟು ನಮ್ಮಲ್ಲೇ ಇರುವಾಗ ಪುಡಿಗೆ ಯಾಕೆ ದುಡ್ಡು ಹಾಕಬೇಕು ಹೇಳಿ!

ನಡಿಗೆಯ ಬಗ್ಗೆ ಒಂದು ಮಾತು. ಉಣಕಲ್ ಕೆರೆಯ ಹತ್ತಿರ ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 120ರಿಂದ 150 ಕ್ಯಾಲರಿ. ಬರುವ ದಾರಿಯಲ್ಲಿ ಎರಡು ದೊಡ್ಡ ಮಿರ್ಚಿ ಭಜಿ ತಿಂದರೆ ಮುಗಿಯಿತು. ಆದರೂ ನಡೆಯಿರಿ, ಸಕ್ಕರೆ ಕಾಯಿಲೆಗೆ, ಬಿಪಿಗೆ, ನಿದ್ದೆಗೆ ಅದು ಬೇಕೇ ಬೇಕು. ಜೊತೆಗೆ ಬಸ್ಕಿ ಹೊಡೆಯಿರಿ. ಗರಡಿ ಮನೆಯವರ ಹಾಗೆ ನೂರು ಬೇಡ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತರೂ ತೊಡೆಗೆ ಕೆಲಸ ಸಿಗುತ್ತದೆ. ಹೊಟ್ಟೆಗೆ ಬೆಲ್ಟ್ ಕಟ್ಟಿ ಬೆವರಿಸುವುದು ವ್ಯರ್ಥ, ಬೊಜ್ಜು ಬೆವರಾಗಿ ಕರಗಿ ಹೋಗುವುದಿಲ್ಲ. ಹತ್ತು ಕಿಲೊ ಬೊಜ್ಜು ಕರಗಿದರೆ ಅದರಲ್ಲಿ 8.4 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ನಮ್ಮ ಉಸಿರಲ್ಲೇ ಹೊರಗೆ ಹೋಗುತ್ತದೆ. ಉಳಿದದ್ದು ನೀರಾಗುತ್ತದೆ.

ದಿನಾ ತೂಕ ನೋಡಬೇಡಿ. ಉಪ್ಪು ಜಾಸ್ತಿ ತಿಂದರೂ ಮುಳ್ಳು ಏರುತ್ತದೆ. ತಿಂಗಳಿಗೊಮ್ಮೆ ಟೇಪಿನಿಂದ ಸೊಂಟ ಅಳೆಯಿರಿ. ನಮ್ಮ ದೇಶದವರಿಗೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು. ನನಗೆ ಮೊದಲು ಗೊತ್ತಾದದ್ದು ಸೀರೆಯಿಂದ. ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅದೇ ಇಳಕಲ್ ಸೀರೆಗೆ ಒಂದು ನಿರಿಗೆ ಜಾಸ್ತಿ ಬಂತು. ಬಿಚ್ಚಿ ಮತ್ತೆ ಉಟ್ಟು ನೋಡಿದೆ. ಮತ್ತೆ ಒಂದು ಜಾಸ್ತಿ.

ಪಂಚಮಿಗೆ ಉಂಡಿ ತಿನ್ನಿ. ಹಬ್ಬದ ದಿನ ಮನಸಾರೆ ತಿನ್ನಿ, ಮರುದಿನ ಡಬ್ಬಿಯನ್ನು ಮೇಲಿನ ಮಾಡಕ್ಕೆ ಇಟ್ಟುಬಿಡಿ. ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ, ಸಕ್ಕರೆ ಒಮ್ಮೆಲೇ ಇಳಿದೀತು. ಬಸುರಿಯರು, ಹಾಲುಣಿಸುವ ತಾಯಂದಿರು ಈಗ ಇದರ ಗೊಡವೆಗೆ ಹೋಗಬೇಡಿ.

ವೈನಿಯವರು ನಿನ್ನೆ ಸಿಕ್ಕಿದ್ದರು. ಎರಡು ರೊಟ್ಟಿ, ಮಡಕಿ ಪಲ್ಯ ಉಂಡೆ ಅಂದರು. ಹೊಸ ಎಣ್ಣೆ ಡಬ್ಬಿ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆದಿದ್ದಾರಂತೆ. ನೀವೂ ಬರೆದಿಡಿ.

ನಮಸ್ಕಾರ.