ಹಸಿರು ಹೋದ ನೆಲ ಯಾಕೆ ಕಾಯುತ್ತದೆ?

ಕೇಳುಗರಿಗೆ ನಮಸ್ಕಾರ.

ಬೇಸಿಗೆಯಲ್ಲಿ ವಾರ್ತೆಯ ಕೊನೆಗೆ "ಬೆಂಗಳೂರಿನಲ್ಲಿ ಗರಿಷ್ಠ ತಾಪಮಾನ 36 ಡಿಗ್ರಿ" ಎಂದು ಹೇಳುತ್ತಾರಲ್ಲ, ಅದು ಗಾಳಿಯ ತಾಪಮಾನ. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿಟ್ಟ ಉಷ್ಣಮಾಪಕ ತೋರಿಸುವ ಸಂಖ್ಯೆ. ಅದೇ ಮಧ್ಯಾಹ್ನ ಬಿಸಿಲಿಗೆ ಬಿದ್ದ ಡಾಂಬರು ರಸ್ತೆಯ ಮೈ 55ರಿಂದ 60 ಡಿಗ್ರಿ ಮುಟ್ಟಿರುತ್ತದೆ. ರಸ್ತೆಯ ಅಂಚಿನ ಹೊಂಗೆ ಮರದ ಎಲೆ, ಬೇರಿಗೆ ನೀರು ಸಿಗುತ್ತಿದ್ದರೆ, 38ರ ಆಸುಪಾಸಿನಲ್ಲಿರುತ್ತದೆ. ಎರಡಕ್ಕೂ ಬೀಳುವುದು ಒಂದೇ ಬಿಸಿಲು. ಆದರೂ ನಡುವೆ ಹತ್ತಿರ ಹತ್ತಿರ ಇಪ್ಪತ್ತು ಡಿಗ್ರಿ ವ್ಯತ್ಯಾಸ. ಇವತ್ತಿನ ಮಾತು ಈ ವ್ಯತ್ಯಾಸದ ಬಗ್ಗೆ.

ಮೋಡವಿಲ್ಲದ ಏಪ್ರಿಲ್ ದಿನ, ನಡುಹಗಲಿನಲ್ಲಿ, ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು ಒಂದು ಕಿಲೋವಾಟ್‌ನಷ್ಟು ಬಿಸಿಲು ಬೀಳುತ್ತದೆ. ಇಡೀ ದಿನದ್ದು ಕೂಡಿದರೆ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ, ಆರು ಯೂನಿಟ್‌ಗೂ ಹೆಚ್ಚು. ಇದರಲ್ಲಿ ಸ್ವಲ್ಪ ಪ್ರತಿಫಲಿಸಿ ವಾಪಸ್ ಹೋಗುತ್ತದೆ, ಸ್ವಲ್ಪ ನೆಲವೇ ಶಾಖವಾಗಿ ಆಕಾಶಕ್ಕೆ ಸೂಸುತ್ತದೆ. ಉಳಿದದ್ದಕ್ಕೆ ಮೂರೇ ದಾರಿ: ನೆಲದೊಳಗೆ ಇಳಿಯಬೇಕು, ಗಾಳಿಯನ್ನು ಕಾಯಿಸಬೇಕು, ಇಲ್ಲವೇ ನೀರನ್ನು ಆವಿ ಮಾಡಬೇಕು. ಮೂರನೆಯ ದಾರಿ ತೆರೆದಿದ್ದರೆ ಮೊದಲ ಎರಡಕ್ಕೆ ಉಳಿಯುವುದು ಕಡಿಮೆ.

ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.45 ಮೆಗಾಜೂಲ್ ಶಾಖ ಬೇಕು. ಅದೇ ಲೆಕ್ಕದಲ್ಲಿ 0.68 ಯೂನಿಟ್. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಇದರಿಂದಲೇ. ಗಿಡ ಮಾಡುವುದೂ ಅದನ್ನೇ, ಎಲೆಯ ಸಣ್ಣ ರಂಧ್ರಗಳ ಮೂಲಕ. ಚೆನ್ನಾಗಿ ನೀರು ಕುಡಿದ ಬೆಳೆಯ ಒಂದು ಚದರ ಮೀಟರ್‌ನಿಂದ ಬೇಸಿಗೆಯ ದಿನ ಐದು ಲೀಟರ್ ಆವಿಯಾಯಿತೆನ್ನಿ. ಮೂರೂವರೆ ಯೂನಿಟ್‌ನಷ್ಟು ಶಾಖ ಅದಕ್ಕೇ ಹೋಯಿತು. ಬಿದ್ದ ಬಿಸಿಲಿನ ಅರ್ಧಕ್ಕೂ ಮೇಲೆ! ದೊಡ್ಡ ಮರವೊಂದು ದಿನಕ್ಕೆ ನೂರು ಲೀಟರ್ ಆವಿ ಬಿಟ್ಟರೆ 68 ಯೂನಿಟ್. ಒಂದೂವರೆ ಟನ್ನಿನ ಎ.ಸಿ. ಹದಿಮೂರು ಗಂಟೆ ಬಿಡದೆ ಓಡಿ ಕೋಣೆಯಿಂದ ಹೊರಹಾಕುವಷ್ಟು ಶಾಖ ಅದು. ಎ.ಸಿ. ಆ ಶಾಖವನ್ನು ಬೀದಿಗೆ ಊದುತ್ತದೆ. ಮರ ಆವಿಯೊಳಗೆ ಸೇರಿಸಿ ಮೇಲಕ್ಕೆ ಕಳಿಸುತ್ತದೆ.

ಇಲ್ಲಿ ಬಹಳ ಜನರಿಗಿರುವ ಒಂದು ತಪ್ಪು ಕಲ್ಪನೆ ಹೇಳಬೇಕು. ತಿಳಿ ಬಣ್ಣದ ನೆಲ ತಂಪು, ಕಡು ಬಣ್ಣದ ನೆಲ ಬಿಸಿ ಎಂದುಕೊಳ್ಳುತ್ತೇವೆ. ತಾರಸಿ, ರಸ್ತೆಗಳ ಮಟ್ಟಿಗೆ ಇದು ನಿಜ. ಆದರೆ ಪಶ್ಚಿಮಘಟ್ಟದ ದಟ್ಟ ಕಾಡು ಕಡು ಹಸಿರು. ಬಿದ್ದ ಬಿಸಿಲಿನ ನೂರಕ್ಕೆ ಹತ್ತರಿಂದ ಹದಿನೈದು ಭಾಗವನ್ನಷ್ಟೇ ಪ್ರತಿಫಲಿಸುತ್ತದೆ. ಒಣಗಿದ ಬರಿ ಮಣ್ಣು ಇಪ್ಪತ್ತಕ್ಕೂ ಹೆಚ್ಚು ಭಾಗ ಪ್ರತಿಫಲಿಸುತ್ತದೆ. ಹೆಚ್ಚು ಬಿಸಿಲು ನುಂಗುವ ಕಾಡೇ ತಂಪಾಗಿರುತ್ತದೆ, ಏಕೆಂದರೆ ನುಂಗಿದ್ದನ್ನು ಆವಿಗೆ ಖರ್ಚು ಮಾಡುತ್ತದೆ. ಜೊತೆಗೆ ಮರಗಳ ತಲೆ ಏರುಪೇರಾಗಿರುವುದರಿಂದ ಗಾಳಿ ಅಲ್ಲಿ ಸುಳಿದಾಡಿ ಎಲೆಯ ಶಾಖವನ್ನು ಬೇಗ ಎತ್ತಿಕೊಂಡು ಹೋಗುತ್ತದೆ. ಬಯಲಿನ ಬರಿ ನೆಲಕ್ಕೆ ಇವೆರಡೂ ಇಲ್ಲ. ಕಾಡು ಕಡಿದ ಜಾಗದ ನೆಲ ಕಾದು ಕೂರುವುದು ಹೀಗೆ.

ಈಗ ಬೆಂಗಳೂರಿಗೆ ಬರೋಣ. ನೆಲದ ಮೈ ಎಷ್ಟು ಕಾದಿದೆ ಎಂದು ತೋರಿಸುವ, ಮಾರ್ಚ್, ಏಪ್ರಿಲ್ ತಿಂಗಳ ಹಗಲಿನ ಉಪಗ್ರಹ ಚಿತ್ರ ನೋಡಿದರೆ ಆಶ್ಚರ್ಯವಾಗುತ್ತದೆ. ಊರ ಹೊರಗಿನ ಹೊಲಗಳು ನಗರಕ್ಕಿಂತ ಬಿಸಿಯಾಗಿ ಕಾಣುತ್ತವೆ. ರಾಗಿ ಕೊಯ್ಲಾಗಿ ತಿಂಗಳುಗಳೇ ಆಗಿರುತ್ತವೆ. ಕೂಳೆ ಒಣಗಿ, ಕೆಂಪು ಮಣ್ಣಿನಲ್ಲಿ ತೇವವೇ ಇರುವುದಿಲ್ಲ. ನಗರದೊಳಗೆ ಲಾಲ್‌ಬಾಗ್, ಕಬ್ಬನ್ ಪಾರ್ಕ್, ಹಳೆಯ ಬಡಾವಣೆಗಳ ಸಾಲುಮರಗಳು ಇನ್ನೂ ಆವಿ ಬಿಡುತ್ತಿರುತ್ತವೆ. ಇದನ್ನು ನೋಡಿ ನಗರ ಕಾಯುತ್ತಿಲ್ಲ ಎಂದು ತೀರ್ಮಾನಿಸುವುದು ದೊಡ್ಡ ತಪ್ಪು. ಇಂಥ ಚಿತ್ರ ತೆಗೆಯುವ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾಯುವುದು ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ; ಅದು ತೋರಿಸುವುದು ಆ ಒಂದು ಹೊತ್ತನ್ನು ಮಾತ್ರ. ರಾತ್ರಿಯ ಚಿತ್ರ ತೆಗೆದು ನೋಡಿ, ಲೆಕ್ಕ ತಿರುಗಿರುತ್ತದೆ. ಒಣ ಹೊಲ ತೆರೆದ ಆಕಾಶಕ್ಕೆ ಶಾಖ ಬಿಟ್ಟು ಬೇಗ ಆರುತ್ತದೆ. ಕಾಂಕ್ರೀಟು, ಡಾಂಬರು ಹಗಲೆಲ್ಲ ಒಳಗೆ ತುಂಬಿಕೊಂಡ ಶಾಖವನ್ನು ಬೆಳಗಿನ ಜಾವದವರೆಗೂ ಬಿಡುತ್ತಿರುತ್ತವೆ. ಕಿರಿದಾದ ಬೀದಿಗಳಲ್ಲಿ ಒಂದು ಗೋಡೆ ಬಿಟ್ಟ ಶಾಖವನ್ನು ಎದುರು ಗೋಡೆ ಹಿಡಿಯುತ್ತದೆ. ನಿದ್ದೆ ಕೆಡಿಸುವುದು, ವಯಸ್ಸಾದವರನ್ನು ಬಳಲಿಸುವುದು ಈ ರಾತ್ರಿಯ ಬಿಸಿ. ಇನ್ನು ಮಳೆ ಬಿದ್ದು ರಾಗಿ ಪೈರು ನೆಲ ಮುಚ್ಚಿತೆಂದರೆ ಹಗಲಿನ ಚಿತ್ರದಲ್ಲೂ ಹೊಲಗಳೇ ತಂಪು.

ಕೆರೆಗಳದ್ದು ಬೇರೆ ರೀತಿ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹಗಲು ಸುತ್ತಲಿಗಿಂತ ತಂಪು, ರಾತ್ರಿ ಸ್ವಲ್ಪ ಬೆಚ್ಚಗೆ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ನೀರಿನ ಮೈ ಹೋಗಿ ಕಾಂಕ್ರೀಟಿನ ಮೈ ಬಂದಾಗ ಆ ಜಾಗದ ಹಗಲಿನ ಶಾಖಕ್ಕೆ ಆವಿಯ ದಾರಿಯೇ ಮುಚ್ಚಿಹೋಯಿತು.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇನ್ನೊಂದು ಮುಖ ಕಾಣುತ್ತದೆ. ಕಾಲುವೆ ನೀರು ನಿಂತ ಭತ್ತದ ಗದ್ದೆ, ಪಕ್ಕದಲ್ಲೇ ನೀರಿಲ್ಲದೆ ಬಿರುಕು ಬಿಟ್ಟ ಎರೆಭೂಮಿ: ಹಗಲಿನಲ್ಲಿ ಇವೆರಡರ ನಡುವೆ ಹತ್ತು ಡಿಗ್ರಿಗೂ ಮೀರಿದ ಅಂತರ ಇರಬಲ್ಲದು. ಆದರೆ ಗದ್ದೆಯ ಆವಿ ಗಾಳಿಯ ತೇವ ಹೆಚ್ಚಿಸುತ್ತದೆ. ತೇವ ಹೆಚ್ಚಾದರೆ ಬೆವರು ಆರುವುದಿಲ್ಲ. ನಾಟಿ, ಕಳೆ ಕೀಳುವ ಕೆಲಸದಲ್ಲಿರುವವರ ಮೈಗೆ, ಉಷ್ಣಮಾಪಕ ಕಡಿಮೆ ತೋರಿಸಿದಷ್ಟು ಹಿತವೇನೂ ಆಗುವುದಿಲ್ಲ. ಅವರಿಗೆ ನೆರಳು, ವಿಶ್ರಾಂತಿ, ಕುಡಿಯುವ ನೀರು ಬೇಕೇ ಬೇಕು.

ನಗರದಲ್ಲಿ ಗಿಡ ನೆಟ್ಟ ಲೆಕ್ಕ ಕೊಡುತ್ತಾರೆ. ಬೇರಿಗೆ ನೀರು ಇಳಿಯುವ ಮಣ್ಣು ಎಷ್ಟು ಉಳಿದಿದೆ ಎಂದು ಕೇಳುವವರು ಕಡಿಮೆ. ಫುಟ್‌ಪಾತಿಗೆ ಚಪ್ಪಡಿ ಹಾಕುವಾಗ ಬುಡದವರೆಗೂ ಕಾಂಕ್ರೀಟು ಸುರಿದರೆ ಮಳೆ ನೀರು ಚರಂಡಿಗೆ ಹೋಗುತ್ತದೆ. ಬೇರು ಒಣಗುತ್ತದೆ, ಮರ ಜೀವ ಉಳಿಸಿಕೊಳ್ಳಲು ಎಲೆಯ ರಂಧ್ರಗಳನ್ನು ಮುಚ್ಚುತ್ತದೆ. ನೆರಳು ಇರುತ್ತದೆ, ಆವಿ ನಿಲ್ಲುತ್ತದೆ, ಎಲೆಯೇ ಕಾಯುತ್ತದೆ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ವಿಚಾರದಲ್ಲಿ, ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಯಬೇಕೆಂದು ಆದೇಶಿಸಿತು. ನಮ್ಮ ಬೀದಿಗಳಿಗೂ ಅದೇ ಅಳತೆ ಸರಿ. ಜಾತಿಯ ಆಯ್ಕೆಯೂ ಮುಖ್ಯ. ಬಿಸಿಲು ಏರುವ ಹೊತ್ತಿಗೆ ಗುಲ್‌ಮೊಹರ್ ಬಹುಮಟ್ಟಿಗೆ ಬರಿದಾಗಿರುತ್ತದೆ. ಹೊಂಗೆ ಬೇಗ ಚಿಗುರಿ ದಟ್ಟ ನೆರಳು ಕೊಡುತ್ತದೆ. ಹುಲ್ಲುಹಾಸನ್ನು ಮಾತ್ರ ನಂಬಬೇಡಿ. ನೀರು ಹಾಕುವುದನ್ನು ನಿಲ್ಲಿಸಿದರೆ ಅದು ಬೇಗ ಒಣಗಿ, ಬರಿ ನೆಲದಷ್ಟೇ ಕಾಯತೊಡಗುತ್ತದೆ.

ಶಾಲೆ, ಕಾಲೇಜಿನವರು ಇದನ್ನು ತಾವೇ ಅಳೆಯಬಹುದು. ಮುಟ್ಟದೆ, ದೂರದಿಂದಲೇ ವಸ್ತುವಿನ ಮೈಯ ತಾಪಮಾನ ಹೇಳುವ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಸಾಕು; ಆದರೆ ಜ್ವರ ನೋಡುವ ಗನ್ ಬೇಡ, ಅದರ ಮಿತಿ ಚಿಕ್ಕದು. ಗನ್ನಿನ ಮೇಲೆ 12:1 ಎಂದಿದ್ದರೆ 120 ಸೆಂಟಿಮೀಟರ್ ದೂರದಿಂದ 10 ಸೆಂಟಿಮೀಟರ್ ಅಗಲದ ಜಾಗವನ್ನು ಅದು ನೋಡುತ್ತದೆ. ಇನ್ನೂ ದೂರ ನಿಂತರೆ ಎಲೆಯ ಜೊತೆ ಹಿಂದಿನ ಗೋಡೆಯೂ ಸೇರಿಹೋಗುತ್ತದೆ. ಎಮಿಸಿವಿಟಿ, ಅಂದರೆ ವಸ್ತುವಿನ ಮೈ ಶಾಖವನ್ನು ಎಷ್ಟು ಚೆನ್ನಾಗಿ ಸೂಸುತ್ತದೆ ಎಂಬ ಅಳತೆ, ಗನ್ನಿನಲ್ಲಿ 0.95 ಇಡಿ, ಮಣ್ಣು, ಡಾಂಬರು, ಎಲೆಗಳಿಗೆ ಅಷ್ಟು ಸಾಕು. ಹೊಳೆಯುವ ತಗಡಿನ ಮೇಲೆ ಮಾತ್ರ ಗನ್ ಮೋಸ ಹೋಗುತ್ತದೆ. ತಗಡು ತನ್ನ ಶಾಖವನ್ನು ಕಡಿಮೆ ಸೂಸಿ ಆಕಾಶವನ್ನು ಪ್ರತಿಫಲಿಸುವುದರಿಂದ ಕೈ ಸುಡುವ ಶೀಟೂ ತಣ್ಣಗಿದೆ ಎಂದು ತೋರಿಸುತ್ತದೆ. ಕರೆಂಟ್ ಕೆಲಸದ ಕಪ್ಪು ಟೇಪಿನ ತುಂಡು ಅಂಟಿಸಿ, ಐದು ನಿಮಿಷ ಬಿಟ್ಟು, ಹತ್ತಿರದಿಂದ ಟೇಪಿನ ಮೇಲೆ ಅಳೆಯಿರಿ. ಮಧ್ಯಾಹ್ನ ಎರಡಕ್ಕೊಮ್ಮೆ, ಸೂರ್ಯ ಹುಟ್ಟುವ ಮೊದಲೊಮ್ಮೆ ಅದೇ ಜಾಗಗಳನ್ನು ಅಳೆಯಿರಿ. ಮೋಡ ಹಾದು ಹೋದರೆ ಕಾಲು ಗಂಟೆ ಕಾಯಿರಿ. ಮಳೆಯಾದ ಮರುದಿನದ ಅಳತೆಯನ್ನು ಒಣ ದಿನದ ಜೊತೆ ಹೋಲಿಸಬೇಡಿ.

ಉಪಗ್ರಹದ ದತ್ತಾಂಶ ಬೇಕೆನ್ನುವ ವಿದ್ಯಾರ್ಥಿಗಳು ಬರೆದುಕೊಳ್ಳಿ: ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಹುಡುಕುವ ಜಾಗದ ಸಂಖ್ಯೆಯಲ್ಲಿ ಬೆಂಗಳೂರು ಪಥ 144, ಸಾಲು 51. ಕಲೆಕ್ಷನ್ 2, ಲೆವೆಲ್ 2 ಎಂಬ ಹೆಸರಿನ ಕಡತದಲ್ಲಿರುವ ಮೇಲ್ಮೈ ತಾಪಮಾನದ ಸಂಖ್ಯೆಯನ್ನು 0.00341802ರಿಂದ ಗುಣಿಸಿ, 149 ಕೂಡಿ, 273.15 ಕಳೆದರೆ ಸೆಲ್ಸಿಯಸ್ ಸಿಗುತ್ತದೆ. 48000 ಎಂದಿದ್ದರೆ 39.9 ಡಿಗ್ರಿ.

ಕೊನೆಯದಾಗಿ, ಗನ್ನಿನಿಂದ ಮರದ ಆರೋಗ್ಯವನ್ನೂ ನೋಡಬಹುದು. ನೆರಳಿನ ಗಾಳಿಯ ತಾಪಮಾನ ಬರೆದಿಟ್ಟುಕೊಂಡು, ಬಿಸಿಲಿನಲ್ಲಿರುವ ಎಲೆಗೊಂಚಲನ್ನು ನಾಲ್ಕೈದು ಕಡೆ ಅಳೆಯಿರಿ. ಎರಡು ಮೂರು ಡಿಗ್ರಿ ಹೆಚ್ಚಿದ್ದರೆ ಚಿಂತೆಯಿಲ್ಲ. ಗಾಳಿ ಬೀಸುತ್ತಿದ್ದರೂ ಏಳೆಂಟು ಡಿಗ್ರಿ ಹೆಚ್ಚಿದ್ದರೆ ಆ ಮರಕ್ಕೆ ನೀರು ಸಿಗುತ್ತಿಲ್ಲ. ಬುಡದ ಚಪ್ಪಡಿ ತೆಗೆಸಿ, ಬೇರಿಗೆ ಗಾಯವಾಗದಂತೆ ಕೈಯಿಂದಲೇ ಮಣ್ಣು ಸಡಿಲಿಸಿ, ಪಾತಿ ಮಾಡಿ, ತರಗೆಲೆ ಮೂರು ನಾಲ್ಕು ಇಂಚು ಹರಡಿ. ಕಾಂಡಕ್ಕೆ ತಾಗಿಸಬೇಡಿ, ಕೊಳೆಯುತ್ತದೆ. ಸಂಜೆ ಹೊತ್ತು ನಿಧಾನವಾಗಿ ಇಂಗುವಂತೆ ನೀರು ಬಿಟ್ಟು, ವಾರ ಕಳೆದು ಮತ್ತೆ ಮಧ್ಯಾಹ್ನ ಎರಡಕ್ಕೆ ಅದೇ ಎಲೆಗೊಂಚಲನ್ನು ಅಳೆದು ನೋಡಿ.

ನಮಸ್ಕಾರ.