ತಾನೇ ಬೆಂಕಿ ಆರಿಸುವ ಪೌಡರ್ ಸಿಲಿಂಡರ್: ತೂಗುಹಾಕಿದ ಮೇಲೆ ಖರ್ಚು ಎಲ್ಲೆಲ್ಲಿ ಬರುತ್ತದೆ?

(ದೃಶ್ಯ: ಜನರೇಟರ್ ಮೇಲೆ ಚಾವಣಿಯಿಂದ ತೂಗುತ್ತಿರುವ ಕೆಂಪು ಸಿಲಿಂಡರ್. ಕ್ಯಾಮೆರಾ ನಿಧಾನವಾಗಿ ಅದರ ಕೆಳತುದಿಯ ಹತ್ತಿರ ಹೋಗುತ್ತದೆ.)

ನಮಸ್ಕಾರ. ಈ ಸಿಲಿಂಡರಿನ ಕೆಳಗೆ ಒಂದು ಪುಟ್ಟ ಗಾಜಿನ ಬಲ್ಬ್ ಕಾಣಿಸುತ್ತಿದೆ ಅಲ್ವಾ? ಒಳಗೆ ಕೆಂಪು ದ್ರವ, ಅದರಲ್ಲಿ ಒಂದೇ ಒಂದು ಗಾಳಿಗುಳ್ಳೆ. ಕೆಳಗೆ ಬೆಂಕಿ ಹತ್ತಿದರೆ ದ್ರವ ಕಾದು ಹಿಗ್ಗುತ್ತದೆ, ಗುಳ್ಳೆ ಮಾಯವಾಗುತ್ತದೆ, ಇನ್ನೂ ಹಿಗ್ಗಲು ಜಾಗ ಸಿಗದೆ 68 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಗಾಜು ಒಡೆಯುತ್ತದೆ. ಆ ಗಾಜು ತಡೆದು ಹಿಡಿದಿದ್ದ ಮುಚ್ಚಳ ಕಳಚಿಕೊಳ್ಳುತ್ತದೆ, ಒಳಗೆ ಒತ್ತಿ ತುಂಬಿದ ನೈಟ್ರೋಜನ್ ಪೌಡರನ್ನು ಹೊರಗೆ ಎರಚುತ್ತದೆ. ಕರೆಂಟ್ ಬೇಡ, ಸೆನ್ಸರ್ ಬೇಡ, ಪಿನ್ ಎಳೆಯಲು ಮನುಷ್ಯರೂ ಬೇಡ.

ಮನುಷ್ಯರು ಬೇಡ ಅನ್ನುವುದೇ ಇದರ ದೊಡ್ಡ ಗುಣ. ಇದನ್ನು ಜಾಸ್ತಿ ಗಮನ ಕೊಟ್ಟು ನೋಡಿಕೊಳ್ಳಬೇಕು ಅನ್ನುವುದಕ್ಕೂ ಅದೇ ಕಾರಣ. ಗೋಡೆಯಲ್ಲಿರುವ ಕೈ ಸಿಲಿಂಡರ್ ಕೆಲಸ ಮಾಡಲಿಲ್ಲ ಅಂದರೆ ಹಿಡಿದವರು ಅದನ್ನು ಬಿಸಾಕಿ ಪಕ್ಕದ್ದನ್ನು ಎತ್ತಿಕೊಳ್ಳುತ್ತಾರೆ. ಇದು ಕೈಕೊಟ್ಟರೆ ಅಲ್ಲಿ ಯಾರೂ ಇರುವುದೇ ಇಲ್ಲ. ಆದ್ದರಿಂದ ಸರ್ವಿಸ್ ಖರ್ಚು ಎಲ್ಲಿ ಬರುತ್ತದೆ, ಯಾವುದನ್ನು ಉಳಿಸಬಹುದು, ಯಾವುದನ್ನು ಉಳಿಸಲು ಹೋಗಲೇಬಾರದು ಅಂತ ಇವತ್ತು ಬಿಡಿಸಿ ನೋಡೋಣ.

ಹೆಚ್ಚಿನವರು ಖರ್ಚು ಅಂದರೆ ಪೌಡರ್ ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಅನೇಕ ಕಡೆ ದುಡ್ಡು ಹೋಗುವುದು ಏಣಿಗೆ.

ಸಿಲಿಂಡರಿನ ಒತ್ತಡ ತೋರಿಸುವ ಗೇಜ್ ನೋಡಿದ್ದೀರಲ್ವಾ, ಮುಳ್ಳು ಹಸಿರು ಭಾಗದಲ್ಲಿರಬೇಕು. ತಿಂಗಳಿಗೊಮ್ಮೆ ಅದನ್ನು ನೋಡಿ ಬರೆದಿಡುವುದಕ್ಕೆ ಕಾಸು ಖರ್ಚಿಲ್ಲ, ಅಲ್ಲಿ ಕೆಲಸ ಮಾಡುವ ಯಾರು ಬೇಕಾದರೂ ಮಾಡಬಹುದು. ಆದರೆ ಮುಳ್ಳು ಸಿಕ್ಕಿಕೊಂಡು ಹಸಿರಿನಲ್ಲೇ ನಿಂತುಬಿಡುವುದೂ ಉಂಟು, ಮತ್ತು ಒಳಗೆ ಪೌಡರ್ ಎಷ್ಟಿದೆ ಅಂತ ಗೇಜ್ ಯಾವತ್ತೂ ಹೇಳುವುದಿಲ್ಲ. ಅದಕ್ಕೇ ವಾರ್ಷಿಕ ಸರ್ವಿಸಿನಲ್ಲಿ ತೂಕ ಹಾಕಬೇಕು, ಲೇಬಲ್ ಮೇಲೆ ಬರೆದ ತೂಕಕ್ಕೆ ಹೋಲಿಸಬೇಕು. ತೂಕ ಹಾಕಬೇಕಾದರೆ ಅದನ್ನು ಕೆಳಗಿಳಿಸಬೇಕು. ಕೆಳಗಿಳಿಸಬೇಕಾದರೆ ಏಣಿ ಬೇಕು, ಎರಡು ಜನ ಬೇಕು, ಅದು ಓಡುತ್ತಿರುವ ಯಂತ್ರದ ಮೇಲಿದ್ದರೆ ಯಂತ್ರ ನಿಲ್ಲಿಸಬೇಕು, ಚಾವಣಿ ತುಂಬಾ ಎತ್ತರ ಇದ್ದರೆ ಅಟ್ಟಣಿಗೆ ಕಟ್ಟಬೇಕು. ಹತ್ತು ನಿಮಿಷದ ತಪಾಸಣೆಗೆ ಅರ್ಧ ದಿನ ಹೋಗುವುದು ಹೀಗೆ.

ಅಂದರೆ ಮುಂದಿನ ಎಷ್ಟೋ ವರ್ಷಗಳ ಖರ್ಚು ಸಿಲಿಂಡರ್ ಎಲ್ಲಿ ತೂಗುಹಾಕಿದಿರಿ ಅನ್ನುವ ದಿನವೇ ತೀರ್ಮಾನ ಆಗಿಬಿಟ್ಟಿರುತ್ತದೆ. ಹಾಕಿಸುವಾಗಲೇ ಗೇಜ್ ಬಾಗಿಲಿನ ಕಡೆ ಮುಖ ಮಾಡಿರಲಿ ಅಂತ ಹೇಳಿ, ನೆಲದ ಮೇಲೆ ನಿಂತೇ ಮುಳ್ಳು ಕಾಣಬೇಕು. ಸುಲಭವಾಗಿ ಬಿಚ್ಚುವ ಹಾಗಿರುವ ಬ್ರಾಕೆಟ್ ಹಾಕಿಸಿ. ಸರ್ವಿಸ್ ದಿನವನ್ನು ಯಂತ್ರದ ರಿಪೇರಿಗೆ ಅಂತ ಹೇಗೂ ನಿಲ್ಲಿಸುವ ದಿನಕ್ಕೇ ಜೋಡಿಸಿ.

(ದೃಶ್ಯ: ಬಿಚ್ಚಿದ ಸಿಲಿಂಡರ್, ಮೇಜಿನ ಮೇಲೆ ವಾಲ್ವ್, ಒ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ), ಬಟ್ಟಲಲ್ಲಿ ಹಳದಿ ಪೌಡರ್.)

ಈಗ ವರ್ಷಗಳ ಲೆಕ್ಕ. ಒಂದೊಂದು ದೇಶದ ನಿಯಮ ಒಂದೊಂದು ಥರ. ಅಮೆರಿಕದ ಎನ್‌ಎಫ್‌ಪಿಎ 10 ಅನ್ನುವ ಮಾನದಂಡ ಒತ್ತಡ ತುಂಬಿಟ್ಟ ಕೈ ಪೌಡರ್ ಸಿಲಿಂಡರನ್ನು 6 ವರ್ಷಕ್ಕೊಮ್ಮೆ ಖಾಲಿ ಮಾಡಿ ಒಳಗೆ ನೋಡಬೇಕು, 12 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಮಾಡಬೇಕು ಅನ್ನುತ್ತದೆ. ಬ್ರಿಟನ್ನಿನ ಬಿಎಸ್ 5306 ಪ್ರಕಾರ ಪೌಡರ್ ಸಿಲಿಂಡರಿಗೆ ದೊಡ್ಡ ಸರ್ವಿಸ್ 5 ವರ್ಷಕ್ಕೊಮ್ಮೆ. ನಿಮ್ಮ ಆಟೊಮ್ಯಾಟಿಕ್ ಸಿಲಿಂಡರಿಗೆ ನಿಮ್ಮಲ್ಲಿನ ನಿಯಮ ಮತ್ತು ತಯಾರಕರ ಪುಸ್ತಿಕೆ ಏನು ಹೇಳುತ್ತದೋ ಅದನ್ನೇ ಹಿಡಿಯಿರಿ, ಯಾವುದು ಬೇಗ ಬರುತ್ತದೋ ಅದು.

ಹೈಡ್ರೋ ಟೆಸ್ಟ್ ಅಂದರೆ ಖಾಲಿ ಸಿಲಿಂಡರಿಗೆ ನೀರು ತುಂಬಿ, ಮಾಮೂಲಿಗಿಂತ ಜಾಸ್ತಿ ಒತ್ತಡ ಕೊಟ್ಟು, ಸೋರುತ್ತದಾ, ಉಬ್ಬುತ್ತದಾ ಅಂತ ನೋಡುವುದು. ಇಲ್ಲಿ ಒಂದು ಮಾತು ನೆನಪಿಡಿ: ರೀಫಿಲ್‌ಗೂ ಹೈಡ್ರೋ ಟೆಸ್ಟ್‌ಗೂ ಸಿಲಿಂಡರ್ ಖಾಲಿ ಮಾಡಲೇಬೇಕು. ಈ ವರ್ಷ ರೀಫಿಲ್ ಮಾಡಿಸಿ, ಮುಂದಿನ ವರ್ಷ ಟೆಸ್ಟ್‌ಗೆ ಮತ್ತೆ ಖಾಲಿ ಮಾಡಿಸಿದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು. ದಿನಾಂಕಗಳನ್ನು ಪಕ್ಕಪಕ್ಕ ಬರೆದು ನೋಡಿ, ಟೆಸ್ಟ್ ಹತ್ತಿರವಿದ್ದರೆ ಎರಡನ್ನೂ ಒಟ್ಟಿಗೇ ಮಾಡಿಸಿ. ಟೆಸ್ಟ್ ಆದಮೇಲೆ ಒಳಗೆ ಪೂರ್ತಿ ಒಣಗಿಸಿದ್ದಾರಾ ಅಂತ ಕೇಳಲೇಬೇಕು. ಸ್ವಲ್ಪ ತೇವ ಉಳಿದರೂ ಪೌಡರ್ ತೇವ ತಾಗಿದ ಉಪ್ಪಿನ ಹಾಗೆ ಗಂಟು ಕಟ್ಟುತ್ತದೆ. ಗೇಜ್ ಹಸಿರಿನಲ್ಲೇ ಇರುತ್ತದೆ, ಬಲ್ಬ್ ಸರಿಯಾದ ಹೊತ್ತಿಗೆ ಒಡೆಯುತ್ತದೆ, ಹೊರಗೆ ಬರುವುದು ಮಾತ್ರ ಬರೀ ಗ್ಯಾಸು.

ನೈಟ್ರೋಜನ್ ಬದಲು ಮಾಮೂಲಿ ಕಂಪ್ರೆಸರ್ ಗಾಳಿ ತುಂಬಿದರೂ ಇದೇ ಗತಿ, ಯಾಕೆಂದರೆ ಆ ಗಾಳಿಯಲ್ಲಿ ತೇವ ಇರುತ್ತದೆ. ರೀಫಿಲ್ ರೇಟು ತುಂಬಾ ಕಡಿಮೆ ಹೇಳಿದರೆ ಏನು ತುಂಬುತ್ತೀರಿ ಅಂತ ಬಾಯಿಬಿಟ್ಟು ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.

ಹಾಗೇ ಯಾವ ಪೌಡರ್ ಅಂತಲೂ ಬರೆಸಿಕೊಳ್ಳಿ. ಕಟ್ಟಿಗೆ-ಕಾಗದ, ಎಣ್ಣೆ, ಗ್ಯಾಸ್ ಮೂರೂ ಥರದ ಬೆಂಕಿಗೆ ಆಗುವ ಎಬಿಸಿ (ABC) ಪೌಡರಿನಲ್ಲಿ ಮುಖ್ಯವಾಗಿ ಇರುವುದು ಮೋನೋಅಮೋನಿಯಂ ಫಾಸ್ಫೇಟ್, ಅದು ಆಮ್ಲದ ಜಾತಿ. ಎಣ್ಣೆ, ಗ್ಯಾಸ್ ಬೆಂಕಿಗೆ ಮಾತ್ರ ಆಗುವ ಬಿ-ಸಿ (BC) ಪೌಡರಿನಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡಾ, ಅದು ಕ್ಷಾರ. ಇವೆರಡೂ ಒಂದೇ ಸಿಲಿಂಡರಿನಲ್ಲಿ ಬೆರೆತರೆ ನಿಧಾನಕ್ಕೆ ಒಂದಕ್ಕೊಂದು ಪ್ರತಿಕ್ರಿಯೆ ಶುರುವಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಬಿಡುಗಡೆ ಆಗಿ ಒತ್ತಡ ಏರುತ್ತದೆ, ನೀರಿನಂಶ ಹುಟ್ಟಿ ಪೌಡರ್ ಗಟ್ಟಿಯಾಗುತ್ತದೆ. ಹಳೆಯದರ ಮೇಲೆ ಸುಮ್ನೆ ಸ್ವಲ್ಪ ಹೊಸದು ಹಾಕಿ ತೂಕ ಸರಿ ಮಾಡುವುದು ತುಂಬಾ ಅಪಾಯ.

(ದೃಶ್ಯ: ಬಿಳಿ ಪೇಂಟ್ ಹನಿ ಅಂಟಿದ ಬಲ್ಬ್.)

ಇದನ್ನು ನೋಡಿ. ಚಾವಣಿಗೆ ಪೇಂಟ್ ಹೊಡೆಯುವಾಗ ಬಲ್ಬಿಗೂ ತಾಗಿದೆ. ನೋಡಲು ಏನೂ ಅಲ್ಲದ ವಿಷಯ, ಆದರೆ ಪೇಂಟಿನ ಪದರ ಬಿಸಿಯನ್ನು ಗಾಜಿಗೆ ತಲುಪಲು ಬಿಡುವುದಿಲ್ಲ, ಬಲ್ಬ್ ತಡವಾಗಿ ಒಡೆಯುತ್ತದೆ. ಬೆಂಕಿಯ ವಿಷಯದಲ್ಲಿ ಆ ತಡವೇ ಎಲ್ಲ. ಇದನ್ನು ಕೆರೆದು, ಥಿನ್ನರ್ ಹಾಕಿ ಒರೆಸಿ ಸರಿ ಮಾಡಲು ಹೋಗಬೇಡಿ, ಬದಲಾಯಿಸಲೇಬೇಕು. ಪೇಂಟ್ ಕೆಲಸ ಇದ್ದರೆ ಮೊದಲೇ ಕವರ್ ಕಟ್ಟಿಸಿ, ಕೆಲಸ ಮುಗಿದ ದಿನವೇ ಬಿಚ್ಚಿಸಿ.

ಬಲ್ಬಿನ ಬಣ್ಣಕ್ಕೂ ನಿಮ್ಮ ಖರ್ಚಿಗೂ ಸಂಬಂಧ ಇದೆ. ಎಷ್ಟು ಡಿಗ್ರಿಗೆ ಒಡೆಯುತ್ತದೆ ಅಂತ ಬಣ್ಣವೇ ಹೇಳುತ್ತದೆ: ಕಿತ್ತಳೆ 57 ಡಿಗ್ರಿ, ಕೆಂಪು 68, ಹಳದಿ 79, ಹಸಿರು 93, ನೀಲಿ 141. ಆ ಜಾಗ ಅತಿ ಹೆಚ್ಚು ಅಂದರೆ ಎಷ್ಟು ಬಿಸಿಯಾಗುತ್ತದೋ ಅದಕ್ಕಿಂತ ಸುಮಾರು 30 ಡಿಗ್ರಿ ಮೇಲಿನ ಬಲ್ಬ್ ಆರಿಸುವುದು ರೂಢಿ. ಗಾಳಿಯಾಡದ ಜನರೇಟರ್ ಕೋಣೆಗೆ ಕೆಂಪು ಬಲ್ಬ್ ಹಾಕಿಸಿಬಿಟ್ಟರೆ, ಬೆಂಕಿಯೇ ಇಲ್ಲದೆ ಬರೀ ಎಂಜಿನ್ ಶಾಖಕ್ಕೆ ಒಡೆಯಬಹುದು. ಆಗ ನೋಡಿ, ಇಷ್ಟು ಹೊತ್ತು ಹೇಳಿದ ಖರ್ಚೆಲ್ಲಾ ಚಿಲ್ಲರೆ ಅನ್ನಿಸುತ್ತದೆ. ರೀಫಿಲ್ ಆಗಬೇಕು, ಬಲ್ಬ್ ಬದಲಾಗಬೇಕು, ಇಡೀ ಯಂತ್ರದ ಸಂದುಗೊಂದುಗಳಿಂದ ಪೌಡರ್ ತೆಗೆಯಬೇಕು. ಎಬಿಸಿ ಪೌಡರ್ ತೇವ ಹೀರಿಕೊಂಡರೆ ಲೋಹವನ್ನು ತಿನ್ನುತ್ತದೆ, ಸರ್ಕ್ಯೂಟ್ ಬೋರ್ಡನ್ನು ಹಾಳು ಮಾಡುತ್ತದೆ, ಹಾಗಾಗಿ ನಾಳೆ ಮಾಡಿದರಾಯಿತು ಅನ್ನುವ ಕೆಲಸ ಅದಲ್ಲ. ಸರ್ವರ್, ಕಂಟ್ರೋಲ್ ಪ್ಯಾನೆಲ್ ಥರದ ಸೂಕ್ಷ್ಮ ಸಾಮಾನು ಇರುವ ಕಡೆ ಪೌಡರ್ ಬೇಡ, ಗ್ಯಾಸ್ ಆಧಾರಿತ ವ್ಯವಸ್ಥೆಯನ್ನೇ ವಿಚಾರಿಸಿ ಅಂತ ನಾನು ಹೇಳುವುದು ಇದಕ್ಕೇ. ಅದರ ಬೆಲೆ ಜಾಸ್ತಿ, ಆದರೆ ಹಿಂದೆ ಧೂಳು ಬಿಡುವುದಿಲ್ಲ.

ಸಣ್ಣ ಸಿಲಿಂಡರುಗಳ ವಿಷಯದಲ್ಲಿ ಇನ್ನೊಂದು ಲೆಕ್ಕ ಹಾಕಿ. ದೊಡ್ಡ ಸರ್ವಿಸ್, ಟೆಸ್ಟ್, ಹೊಸ ಪೌಡರ್, ಇಳಿಸಿ ಏರಿಸುವ ಕೂಲಿ ಎಲ್ಲಾ ಸೇರಿಸಿದರೆ ಹೊಸದರ ಬೆಲೆಯ ಹತ್ತಿರ ಹತ್ತಿರ ಬರುತ್ತದಾ? ಬಂದರೆ ಹೊಸದೇ ತೆಗೆದುಕೊಳ್ಳಿ. ತುಕ್ಕು ಹಿಡಿದಿದ್ದರೆ, ತಗ್ಗು ಬಿದ್ದಿದ್ದರೆ ಲೆಕ್ಕವೇ ಬೇಡ, ಬದಲಾಯಿಸಿ. ಒಂದು ಸಲ ಸ್ವಲ್ಪವೇ ಪೌಡರ್ ಬಿಟ್ಟಿದ್ದರೂ ಅದು ಪೂರ್ತಿ ರೀಫಿಲ್‌ಗೆ ಹೋಗಬೇಕು, ಏಕೆಂದರೆ ವಾಲ್ವಿನಲ್ಲಿ ಕೂತ ಪೌಡರ್ ಕಣದಿಂದ ಒತ್ತಡ ಮೆಲ್ಲಗೆ ಸೋರಿಹೋಗುತ್ತದೆ.

ಕೊನೆಗೆ ವಾರ್ಷಿಕ ಗುತ್ತಿಗೆ, ಅಂದರೆ ಎಎಂಸಿ. ಕಾಗದದಲ್ಲಿ ಬರೀ ತಪಾಸಣೆ ಇದೆಯಾ, ಪೌಡರ್, ಬಲ್ಬ್, ಒ-ರಿಂಗ್ ಕೂಡ ಸೇರಿದೆಯಾ, ಏಣಿ ಯಾರದ್ದು ಅಂತ ಸಹಿ ಹಾಕುವ ಮೊದಲೇ ಓದಿ. ಮುಖ್ಯವಾಗಿ, ಸಿಲಿಂಡರ್ ಸರ್ವಿಸ್‌ಗೆ ಹೋದ ದಿನಗಳಲ್ಲಿ ಅದರ ಜಾಗಕ್ಕೆ ಬದಲಿ ಕೊಡುತ್ತಾರಾ ಕೇಳಿ. ಕೊಡದಿದ್ದರೆ ಅದು ವಾಪಸ್ ಬರುವ ತನಕ ಒಂದು ಕೈ ಸಿಲಿಂಡರನ್ನು ಬಾಗಿಲ ಬಳಿ ಇಟ್ಟು, ಆ ಕೋಣೆ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ.