ಕಾರು ತೂಕ ಹಾಕಿಸದೆ ಎಚ್‌ಪಿ ಲೆಕ್ಕ ಹೇಳಬೇಡಿ!

ನಮಸ್ಕಾರ ಸ್ನೇಹಿತರೇ, ತುಮಕೂರಿನಿಂದ ಮಾತಾಡುತ್ತಿದ್ದೇನೆ. ಕಾರಿನ ಎಚ್‌ಪಿ, ಅಂದರೆ ಎಂಜಿನ್ ಶಕ್ತಿಯನ್ನು, ಅದನ್ನು ಅಳೆಯುವ ಡೈನೋ ಯಂತ್ರ ಇಲ್ಲದೆ ನಾವೇ ಲೆಕ್ಕ ಹಾಕುವುದು ಹೇಗೆ ಅನ್ನುವುದೇ ಇವತ್ತಿನ ವಿಷಯ. ಹೋದ ವಿಡಿಯೋ ಕೆಳಗೆ ಒಬ್ಬ ತಮ್ಮ ಕಾಮೆಂಟ್ ಹಾಕಿದ್ದಾನೆ. "ಅಣ್ಣ, ಡೈನೋ ಎಲ್ಲ ಯಾಕೆ, ಕಂಪನಿಯವರು 82 ಎಚ್‌ಪಿ ಅಂದಿದ್ದರು, ನನ್ನ ಫೋನ್ ಆಪ್ 112 ತೋರಿಸಿತು." ಆಪ್‌ಗೆ ಕಾರಿನ ತೂಕ ಎಷ್ಟು ಕೊಟ್ಟೆ ಅಂತ ಕೇಳಿದೆ. "ಅಲ್ಲಿ ಏನೋ ಮೊದಲೇ ತುಂಬಿತ್ತು, ಹಾಗೇ ಬಿಟ್ಟೆ" ಅಂದ. ಮುಗೀತಲ್ಲ! ಆ 112 ನಿನ್ನ ಕಾರಿನದಲ್ಲ ತಮ್ಮಾ, ಆಪ್ ಬರೆದವನು ಊಹಿಸಿಕೊಂಡ ಯಾವುದೋ ಕಾರಿನದು.

ನೋಡಿ, ಡೈನೋದಲ್ಲಿ ಚಕ್ರ ರೋಲರ್ ಮೇಲೆ ತಿರುಗುತ್ತದೆ, ಎಂಜಿನ್ ತಳ್ಳಬೇಕಾದ ಭಾರವನ್ನು ಆ ರೋಲರ್ ಕೊಡುತ್ತದೆ. ನಮ್ಮ ಹತ್ತಿರ ರೋಲರ್ ಇಲ್ಲ. ಹಾಗಾದರೆ ಎಂಜಿನ್ ಏನನ್ನು ತಳ್ಳುತ್ತಿದೆ? ಕಾರನ್ನೇ! ಆ ಕಾರು ಎಷ್ಟು ಭಾರ ಅಂತ ಗೊತ್ತಿಲ್ಲದೆ ಎಂಜಿನ್ ಎಷ್ಟು ಬಲವಾಗಿ ತಳ್ಳಿತು ಅಂತ ಹೇಗೆ ಹೇಳುತ್ತೀರಿ?

ಲೆಕ್ಕ ಸುಲಭ. ಎರಡನೇ ಗೇರ್‌ನಲ್ಲಿ 30ರಿಂದ 60 ಕಿಲೋಮೀಟರ್ ವೇಗಕ್ಕೆ ಪೂರ್ತಿ ಆಕ್ಸಿಲರೇಟರ್ ಒತ್ತಿ ಹೋಗಿ. ಪಕ್ಕದಲ್ಲಿ ಕೂತವರು ಸ್ಪೀಡೋಮೀಟರ್ ವಿಡಿಯೋ ಮಾಡಲಿ, ಆಮೇಲೆ ಫ್ರೇಮ್ ಎಣಿಸಿದರೆ ಸೆಕೆಂಡ್ ಸಿಗುತ್ತದೆ. ವೇಗವನ್ನು ಸೆಕೆಂಡಿಗೆ ಎಷ್ಟು ಮೀಟರ್ ಅಂತ ತಿರುಗಿಸಿ, ಎರಡು ವೇಗಗಳ ವರ್ಗದ ವ್ಯತ್ಯಾಸ ತೆಗೆದು, ತೂಕದಿಂದ ಗುಣಿಸಿ ಅರ್ಧ ಮಾಡಿ. ಅದನ್ನು ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್. 746ರಿಂದ ಭಾಗಿಸಿದರೆ ಎಚ್‌ಪಿ. 1000 ಕೆಜಿ ಕಾರು 3 ಸೆಕೆಂಡ್ ತೆಗೆದುಕೊಂಡರೆ ಸುಮಾರು 46 ಎಚ್‌ಪಿ. ಇದು ಚಕ್ರದ ಹತ್ತಿರ ಸಿಕ್ಕ ಸರಾಸರಿ, ಗಾಳಿ ತಿಂದದ್ದು ಬಿಟ್ಟು. ಈಗ ಅದೇ 3 ಸೆಕೆಂಡ್, ಆದರೆ ಕಾರು ನಿಜಕ್ಕೂ 1150 ಕೆಜಿ ಅಂದುಕೊಳ್ಳಿ. 53 ದಾಟಿತು! ಏಳು ಎಚ್‌ಪಿ ಎಲ್ಲಿಂದ ಬಂತು? ಹೊಸ ಫಿಲ್ಟರ್‌ನಿಂದ ಅಲ್ಲ, ತೂಕದಿಂದ. ಇದನ್ನು ನೋಡಿಯೂ ತೂಕ ಬೇಡ ಅನ್ನುವವರಿಗೆ ಏನು ಹೇಳಲಿ?

"ಆರ್‌ಸಿಯಲ್ಲಿ ಅನ್‌ಲೇಡನ್ ವೇಟ್, ಖಾಲಿ ಗಾಡಿಯ ತೂಕ, ಇದೆಯಲ್ಲ ಅಣ್ಣ." ಇದೆ. ಅದರಲ್ಲಿ ನೀನಿದ್ದೀಯಾ? ವಿಡಿಯೋ ಮಾಡುವ ನಿನ್ನ ಸ್ನೇಹಿತ ಇದ್ದಾನಾ? ಆಮೇಲೆ ಹಾಕಿಸಿದ ಸಿಎನ್‌ಜಿ ಸಿಲಿಂಡರ್, ಡಿಕ್ಕಿಯಲ್ಲಿರುವ ಸಬ್‌ವೂಫರ್? ನಮ್ಮ ಮಂಡಿಯಲ್ಲಿ ಹುಣಸೆಹಣ್ಣನ್ನು ಚೀಟಿ ಓದಿ ಯಾರಾದರೂ ಕೊಳ್ಳುತ್ತಾರಾ? ತೂಗಿಯೇ ಕೊಳ್ಳುತ್ತಾರೆ. ಬಟವಾಡಿ ಎಪಿಎಂಸಿ ಕಡೆ ಹೋಗಿ, ಲಾರಿಗಳನ್ನು ತೂಗುವ ವೇಬ್ರಿಡ್ಜ್ ಮೇಲೆ ಕಾರು ಹತ್ತಿಸಿ. ಇಬ್ಬರೂ ಒಳಗೇ ಕೂತಿರಿ. ಸಾಮಾನ್ಯವಾಗಿ 5 ಅಥವಾ 10 ಕೆಜಿ ಹಂತದಲ್ಲಿ ತೋರಿಸುತ್ತದೆ, ಒಂದು ಟನ್ ಕಾರಿಗೆ ಅದು ಶೇಕಡಾ ಒಂದರಷ್ಟು. ಸಾಕು.

ಇನ್ನೊಬ್ಬರು, "ಸ್ಪೀಡೋಮೀಟರೇ ಜಾಸ್ತಿ ತೋರಿಸುತ್ತದೆ, ತೂಕ ಹಾಕಿ ಏನು ಪ್ರಯೋಜನ" ಅಂತ. ಹೌದು, ಶೇಕಡಾ 5 ಜಾಸ್ತಿ ತೋರಿಸಿದರೆ ಲೆಕ್ಕದಲ್ಲಿ ಶೇಕಡಾ 10 ತಪ್ಪು. ಒಂದೇ ವೇಗದಲ್ಲಿ ಓಡಿಸಿ ಜಿಪಿಎಸ್ ಜೊತೆ ಹೋಲಿಸಿ, ಸರಿ ಮಾಡಿಕೊಳ್ಳಿ. ಇಳಿಜಾರು, ಗಾಳಿ? ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಿರಿ. ಎಲ್ಲದಕ್ಕೂ ದಾರಿ ಇದೆ. ಊಹೆಯ ತೂಕಕ್ಕೆ ಮಾತ್ರ ಯಾವ ದಾರಿಯೂ ಇಲ್ಲ! ಎಷ್ಟು ಸಲ ಓಡಿಸಿದರೂ ಅಷ್ಟೇ ತಪ್ಪು.

ಮತ್ತೆ ಹೈವೇಯಲ್ಲಿ, ರಿಂಗ್ ರೋಡಲ್ಲಿ ಇದನ್ನು ಮಾಡಬೇಡಿ. ಯಾರದಾದರೂ ಖಾಸಗಿ ಜಾಗ, ಅನುಮತಿ ಕೇಳಿ, ಜನ ಇಲ್ಲದ ಕಡೆ. ಇದನ್ನು ನಾನು ಕೈ ಮುಗಿದು ಕೇಳುತ್ತೇನೆ.

"ಕಂಪನಿ ಹೇಳಿದಷ್ಟು ಬರಲಿಲ್ಲ, ಮೋಸ" ಅಂತ ಕೂಗುವವರೂ ಇದ್ದಾರೆ. ಕಂಪನಿಯ ಲೆಕ್ಕ ಎಂಜಿನ್ ಹತ್ತಿರದ್ದು, ಅದೂ ಗರಿಷ್ಠ. ನಮ್ಮದು ಗೇರ್‌ಬಾಕ್ಸ್ ದಾಟಿ ಬಂದದ್ದು. ಅಲ್ಲದೆ ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ, ಗಾಳಿ ತೆಳು, ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇಲ್ಲದ ಎಂಜಿನ್‌ಗೆ ಅದೂ ಹೊಡೆತ. ಬೈಯುವ ಮೊದಲು ತೂಕ ಹಾಕಿಸಿದಿರಾ? ಇಲ್ಲ ಅಲ್ವಾ?

ಅರೆ, ಬ್ರೋಷರ್‌ನಲ್ಲಿ ಎಚ್‌ಪಿಯಂಥದ್ದೇ ಇನ್ನೊಂದು ಅಳತೆ, ಪಿಎಸ್ ಅಂತ ಬರೆಯುತ್ತಾರಲ್ಲ, ಅದರ ಅರ್ಥವೇ 75 ಕೆಜಿಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವುದು. ಅಳತೆಯ ಹೊಟ್ಟೆಯೊಳಗೇ ತೂಕ ಕೂತಿದೆ ಗುರು! ಇನ್ನೂ ವಾದ ಮಾಡುತ್ತೀರಾ? ಮಾಡಿ. ತೂಕ ಹಾಕಿಸಿ ಬಂದು ಮಾಡಿ.

ಸಬ್‌ಸ್ಕ್ರೈಬ್ ಆಗದವರು ಆಗಿ, ಲೆಕ್ಕದ ಶೀಟ್ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದ್ದೇನೆ, ಸುಮ್ನೆ ತೂಕ ಮತ್ತು ಸೆಕೆಂಡ್ ತುಂಬಿ. ಮುಂದಿನ ವಿಡಿಯೋದಲ್ಲಿ ಕಾರನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು, ವೇಗ ಇಳಿಯುವುದನ್ನು ನೋಡಿ ಗಾಳಿ ಎಷ್ಟು ಎಚ್‌ಪಿ ತಿನ್ನುತ್ತದೆ ಅಂತ ಅಳೆಯೋಣ. ಅದಕ್ಕೂ ತೂಕ ಬೇಕು, ಹೇಳಿಬಿಟ್ಟಿದ್ದೇನೆ. ವೇಬ್ರಿಡ್ಜ್ ಸ್ಲಿಪ್ ಇಲ್ಲದೆ ಎಚ್‌ಪಿ ಹೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಸ್ಲಿಪ್ ತಂದವರ ಲೆಕ್ಕವನ್ನು ನಾನೇ ಕೂತು ನೋಡುತ್ತೇನೆ, ರಾತ್ರಿ ಎಷ್ಟು ಹೊತ್ತಾದರೂ ಸರಿ.